ಹೊರಡದ ಗಾಡಿ



ಈ ದಿನ ನಾನು ಮಾತನಾಡಲಿರುವ ವಿಷಯ ಸಾಹಿತ್ಯದ್ದಲ್ಲ, ಸಂಗೀತದ್ದೂ ಅಲ್ಲ. ಆದರೂ ಅದಕ್ಕೆ ಕಿವಿಯ ಸಂಸ್ಕಾರ ಬೇಕು. ಬೆಳಿಗ್ಗೆ ಚಾವಿ ತಿರುಗಿಸಿದಾಗ ಗಾಡಿ ಹೊರಡದೆ ನಿಂತುಬಿಟ್ಟರೆ, ಮೆಕ್ಯಾನಿಕನಿಗೆ ಹೇಳಿಕಳಿಸುವ ಮೊದಲು ಮನೆಯವರೇ ಏನನ್ನು ನೋಡಬಹುದು, ಏನನ್ನು ಕೇಳಬಹುದು, ಯಾವುದನ್ನು ಮುಟ್ಟಕೂಡದು, ಇಷ್ಟೇ ವಿಷಯ. ಗಾಡಿ ಎಂದರೆ ಇಲ್ಲಿ ಕಾರು, ಮೋಟಾರು ಸೈಕಲ್ಲು, ಟ್ರ್ಯಾಕ್ಟರು ಎಲ್ಲವೂ ಸೇರಿದವೆಂದು ತಿಳಿಯಿರಿ. ಎಣ್ಣೆ ಮುಗಿದದ್ದು, ಪೈಪಿನಲ್ಲಿ ಗಾಳಿ ಹೊಕ್ಕದ್ದು, ಫಿಲ್ಟರು ಕಟ್ಟಿಕೊಂಡದ್ದು ಇವೆಲ್ಲ ಬೇರೆ ಅಧ್ಯಾಯ. ಇವತ್ತು ವಿದ್ಯುತ್ತಿನ ತೊಂದರೆಗಳು ಮಾತ್ರ.

ಇದೇನು ದೊಡ್ಡ ಮಾತು, ಒಂದು ಫೋನು ಮಾಡಿದರೆ ಗ್ಯಾರೇಜಿನ ಹುಡುಗ ಬರುತ್ತಾನೆ ಎಂದು ವಿಜಯಪುರದ ಗಾಂಧಿ ಚೌಕದ ಆಸುಪಾಸಿನಲ್ಲಿರುವವರು ಅಂದಾರು. ಅವರ ಮಾತು ಅವರಿಗೆ ಸರಿ. ತಿಕೋಟಾ ಕಡೆಯ ದ್ರಾಕ್ಷಿ ತೋಟದವರನ್ನು ಕೇಳಿ ನೋಡಿ. ಅಕ್ಟೋಬರ್ ಚಾಟ್ನಿ ಮುಗಿದು, ಬಳ್ಳಿ ಚಿಗುರಿ, ಹೂಗೊಂಚಲು ಕಾಣುವ ಹೊತ್ತಿಗೆ ರಾತ್ರಿ ಒಂದು ಮಳೆ ಬಿತ್ತೆನ್ನಿ. ಎಲೆ ಒದ್ದೆಯಾಗಿದ್ದ ಹಾಗೆಯೇ ಡೌನಿ ರೋಗ ಹೊಕ್ಕು ಕೂರುತ್ತದೆ. ಬೆಳಗಾಗುತ್ತಲೇ ಔಷಧ ಹೊಡೆದರೆ ಬೆಳೆ, ಮರುದಿನ ಹೊಡೆದರೆ ಬರಿಯ ಖರ್ಚು. ಆ ಮುಂಜಾವಿನಲ್ಲಿ ಟ್ರ್ಯಾಕ್ಟರು ಟಕ್ ಎಂದು ಸುಮ್ಮನಾದರೆ ಆ ಮನೆಯ ಯಜಮಾನನಿಗೆ ಎಷ್ಟು ಹೊಟ್ಟೆಯುರಿದೀತು! ಅಥವಾ ಬಬಲೇಶ್ವರದ ಕಡೆಯ ಹಳ್ಳಿಯೊಂದರಿಂದ ನಡುರಾತ್ರಿ ಹೆರಿಗೆಯ ಹೆಣ್ಣುಮಗಳನ್ನು ಕೂಡಿಸಿಕೊಂಡು ನಗರದ ಆಸ್ಪತ್ರೆಗೆ ಹೊರಟ ಕಾರನ್ನು ನೆನೆಯಿರಿ. ಆಗ ಗ್ಯಾರೇಜಿಲ್ಲ, ಹುಡುಗನಿಲ್ಲ. ಇದ್ದವರೇ ನೋಡಿಕೊಳ್ಳಬೇಕು.

ಎಂಜಿನ್ನು ತಾನಾಗಿ ಹೊರಡುವ ಯಂತ್ರವಲ್ಲ ಎಂಬುದನ್ನು ಮೊದಲು ನೆನಪಿನಲ್ಲಿಡಬೇಕು. ಯಾರಾದರೂ ಅದನ್ನು ಒಮ್ಮೆ ತಿರುಗಿಸಿ ಕೊಡಬೇಕು. ಹಳಬರಿಗೆ ನೆನಪಿರಬಹುದು: ಲಾರಿಯ ಮೂತಿಯಲ್ಲಿ ಹ್ಯಾಂಡಲು ತೂರಿಸಿ, ಕ್ಲೀನರು ಮೈಯೆಲ್ಲ ಬೆವರಾಗಿ ತಿರುಗಿಸುತ್ತಿದ್ದ. ಎಂಜಿನ್ನು ಹಿಂದಕ್ಕೆ ಒದ್ದರೆ ಹ್ಯಾಂಡಲು ಮಣಿಕಟ್ಟನ್ನೇ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನು ಈ ಕೆಲಸಕ್ಕೆ ವಿದ್ಯುತ್ ಮೋಟಾರೊಂದನ್ನು ಅಳವಡಿಸಿದ. ೧೯೧೨ನೆಯ ಇಸವಿಯ ಕ್ಯಾಡಿಲಾಕ್ ಕಾರಿನಲ್ಲಿ ಅದು ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಅದನ್ನೇ ನಾವು ಚುಟುಕಾಗಿ 'ಸೆಲ್ಫ್' ಎನ್ನುತ್ತೇವೆ. ಸೆಲ್ಫ್ ತಿರುಗಿಸಿಕೊಡುವುದು ಒಂದು ಕೆಲಸ. ತಿರುಗಿದ ಎಂಜಿನ್ನಿನಲ್ಲಿ ಎಣ್ಣೆ ಹೊತ್ತಿಕೊಳ್ಳುವುದು ಎರಡನೆಯ ಕೆಲಸ. ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕನು ಗಾಡಿಯ ಮುಖವನ್ನೂ ನೋಡದೆ, "ಏನ್ರೀ ಕಾಕಾ, ಸೆಲ್ಫ್ ತಿರಗತೈತೋ ಇಲ್ಲೋ?" ಎಂದು ಕೇಳುವುದು ಇದೇ ಕಾರಣಕ್ಕೆ. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಯಿತು.

ಈಗ ಕಿವಿಗೆ ಕೆಲಸ. ಚಾವಿ ತಿರುಗಿಸಿದಾಗ ಏನು ಕೇಳಿಸಿತು?

ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆಗೆ ಹಲವು ಮರುದನಿ ಬರುವಂತೆ ಟಕಟಕಟಕ ಎಂದು ಬೇಗಬೇಗನೆ ಸದ್ದಾದರೆ ಅದು ಬ್ಯಾಟರಿಯ ನಿತ್ರಾಣದ ಕೂಗು. ಸೆಲ್ಫಿನ ಬೆನ್ನ ಮೇಲೆ ಒಂದು ಚಿಕ್ಕ ಡಬ್ಬಿ ಇರುತ್ತದೆ. ಅದರೊಳಗೆ ತಂತಿ ಸುತ್ತಿದ ವಿದ್ಯುದಯಸ್ಕಾಂತ. ಮೆಕ್ಯಾನಿಕರು ಅದನ್ನು ಸಾಲಿನಾಯ್ಡ್ ಎನ್ನುತ್ತಾರೆ. ಚಾವಿಯ ಅಪ್ಪಣೆ ಬಂದೊಡನೆ ಅದು ಒಳಗಿನ ಕಬ್ಬಿಣವನ್ನು ಎಳೆದು ಬ್ಯಾಟರಿಯ ದೊಡ್ಡ ಕರೆಂಟನ್ನು ಮೋಟಾರಿಗೆ ಜೋಡಿಸುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ ಆ ದೊಡ್ಡ ಕರೆಂಟು ಹರಿಯತೊಡಗಿದ ಕ್ಷಣದಲ್ಲೇ ಅದರ ವೋಲ್ಟೇಜು ಕುಸಿದುಬೀಳುತ್ತದೆ. ಕುಸಿದಾಗ ಅಯಸ್ಕಾಂತವೂ ಹಿಡಿತ ಬಿಡುತ್ತದೆ. ಹೊರೆ ಇಳಿಯಿತಲ್ಲ, ಬ್ಯಾಟರಿ ಮತ್ತೆ ಚೇತರಿಸಿಕೊಳ್ಳುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಬಿಡುತ್ತದೆ. ಆ ಟಕಟಕ ಇದೇ.

ಒಂದೇ ಒಂದು ಸಲ ಗಟ್ಟಿಯಾಗಿ 'ಟಕ್' ಎಂದು ಸುಮ್ಮನಾದರೆ ಕಥೆ ಬೇರೆ. ಅಯಸ್ಕಾಂತವು ತನ್ನ ಕೆಲಸ ಮಾಡಿತು, ಆದರೆ ದೊಡ್ಡ ಕರೆಂಟು ಮೋಟಾರನ್ನು ತಲುಪಲಿಲ್ಲ, ಅಥವಾ ತಲುಪಿದರೂ ಮೋಟಾರು ತಿರುಗಲಿಲ್ಲ. ಸಾಲಿನಾಯ್ಡಿನ ಒಳಗಿನ ತಾಮ್ರದ ಮುಖಗಳು ಸುಟ್ಟಿರಬಹುದು. ಮೋಟಾರಿನ ಕಾರ್ಬನ್ ಸವೆದಿರಬಹುದು. ಇಲ್ಲವೆ ದಪ್ಪ ಕೇಬಲ್ಲಿನ ಜೋಡಣೆ ಸಡಿಲವಾಗಿರಬಹುದು. ಏನೂ ಸದ್ದೇ ಇಲ್ಲವೆಂದರೆ ಅಪ್ಪಣೆಯೇ ಸೆಲ್ಫನ್ನು ಮುಟ್ಟಿಲ್ಲ. ಇನ್ನು 'ಊಂ... ಊಂ...' ಎಂದು ಮುದಿ ಎತ್ತು ಏರು ಹತ್ತುವಂತೆ ನಿಧಾನವಾಗಿ ತಿರುಗಿದರೆ ಬ್ಯಾಟರಿ ಅರೆಜೀವವಾಗಿದೆ, ಇಲ್ಲವೆ ಕರೆಂಟಿನ ದಾರಿಯಲ್ಲಿ ಅಡ್ಡಿಯಿದೆ. ಎಂದಿನ ಹುರುಪಿನಲ್ಲೇ ಗರಗರ ತಿರುಗಿ, ಹೊತ್ತಿಕೊಳ್ಳದೆ ಉಳಿದರೆ, ಬ್ಯಾಟರಿಯನ್ನೂ ಸೆಲ್ಫನ್ನೂ ದೂರಬೇಡಿ. ಅವು ತಮ್ಮ ಪಾಲಿನ ಕೆಲಸ ಮಾಡಿವೆ.

ಕಿವಿಯಾದ ಮೇಲೆ ಕಣ್ಣು. ದೊಡ್ಡ ದೀಪ ಹಚ್ಚಿ ಗೋಡೆಯ ಮೇಲೆ ಬೆಳಕು ಬೀಳುವಂತೆ ಮಾಡಿ, ಮನೆಯ ಇನ್ನೊಬ್ಬರಿಗೆ ಚಾವಿ ತಿರುಗಿಸಲು ಹೇಳಿ. ಕೆಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ದೊಡ್ಡ ದೀಪ ತಾನಾಗಿ ಆರುವಂತೆ ಮಾಡಿರುತ್ತಾರೆ. ಅಂಥದ್ದರಲ್ಲಿ ಒಳಗಿನ ಚಿಕ್ಕ ದೀಪವನ್ನು ನೋಡಬೇಕು. ಈಚಿನ ಮೋಟಾರು ಸೈಕಲ್ಲುಗಳಲ್ಲಿ ಎಂಜಿನ್ನು ಹೊರಟ ಮೇಲೆಯೇ ದೀಪ ಹತ್ತುವುದರಿಂದ ಅಲ್ಲಿ ಹಾರ್ನಿನ ದನಿಯೇ ಅಳತೆಗೋಲು. ಬೆಳಕು ಎಳ್ಳಷ್ಟೂ ಕುಗ್ಗದೆ ಸದ್ದೂ ಬಾರದಿದ್ದರೆ ಕರೆಂಟು ಸೆಲ್ಫಿನವರೆಗೆ ಹೋಗಲೇ ಇಲ್ಲ. ಬೆಳಕು ಮಂದವಾಗಿ ಕೆಂಪಗಾದರೆ ಬ್ಯಾಟರಿಯಲ್ಲಿ ಕಸುವಿಲ್ಲ. ಫಕ್ಕನೆ ಪೂರ್ತಿ ಆರಿ, ಸ್ವಲ್ಪ ಹೊತ್ತಿನ ಮೇಲೆ ತಾನೇ ಹತ್ತಿಕೊಂಡರೆ ಬ್ಯಾಟರಿಯ ತಲೆಯ ಮೇಲಿನ ಟರ್ಮಿನಲ್ಲನ್ನೇ ಹಿಡಿಯಿರಿ, ಕಳ್ಳ ಅಲ್ಲೇ ಇದ್ದಾನೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಜನರ ಹಣ ಸುಮ್ಮನೆ ಹೋಗುವುದು ಇಲ್ಲಿಯೇ. "ದೀಪ ಚೆನ್ನಾಗಿ ಉರೀತೈತಿ, ಅಂದ್ರ ಬ್ಯಾಟರಿ, ವಯರು ಎಲ್ಲಾ ಸರಿ ಅದಾವು, ಸೆಲ್ಫೇ ಕೆಟ್ಟೈತಿ" ಎನ್ನುವವರು ಕೆಲವರು. "ಸೆಲ್ಫ್ ತಿರಗವಲ್ದು, ಅಂದ್ರ ಬ್ಯಾಟರಿ ಹೋತು" ಎಂದು ಸೀದಾ ಅಂಗಡಿಗೆ ನಡೆಯುವವರು ಇನ್ನು ಕೆಲವರು. ಎರಡೂ ಅವಸರದ ಮಾತು. ಜರ್ಮನಿಯ ಗೇಯಾರ್ಗ್ ಓಮ್ ಎಂಬ ಶಾಲಾಮಾಸ್ತರನು ೧೮೨೭ರಲ್ಲಿ ಬರೆದಿಟ್ಟ ಒಂದು ನಿಯಮ ಈ ಜಗಳವನ್ನು ತೀರಿಸುತ್ತದೆ. ಹರಿಯುವ ಕರೆಂಟನ್ನೂ ದಾರಿಯ ಅಡ್ಡಿಯನ್ನೂ ಗುಣಿಸಿದರೆ ಆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜು ಸಿಕ್ಕುತ್ತದೆ.

ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಬಿಳಿ, ಹಸುರು ಬಣ್ಣದ ಹುಡಿ ಕಟ್ಟಿಕೊಂಡದ್ದನ್ನು ನೀವೆಲ್ಲ ನೋಡಿದ್ದೀರಿ. ಅದರ ಅಡ್ಡಿ ಒಂದು ಓಮಿನ ನೂರರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳೋಣ. ಲೆಕ್ಕಕ್ಕೆ ಹಿಡಿಯಲಾರದಷ್ಟು ಅಲ್ಪ. ಕಾರಿನ ಒಳಗಿನ ದೀಪ ೫ ವ್ಯಾಟಿನದು, ಅದಕ್ಕೆ ಬೇಕಾದ ಕರೆಂಟು ಸುಮಾರು ೦.೪ ಆಂಪಿಯರು. ಆ ಹುಡಿಯಲ್ಲಿ ಅದು ಕಳೆದುಕೊಳ್ಳುವುದು ೦.೦೦೪ ವೋಲ್ಟು. ದೀಪಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಕಾರಿನ ಸೆಲ್ಫ್ ಕೇಳುವ ಕರೆಂಟು ಸುಮಾರು ೧೫೦ ಆಂಪಿಯರು. ಅದೇ ಹುಡಿಯಲ್ಲಿ ಈಗ ಒಂದೂವರೆ ವೋಲ್ಟು ಮಂಗಮಾಯ! ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ ಇನ್ನೂ ಹೆಚ್ಚು ಕರೆಂಟು ಬೇಕು, ಅಲ್ಲಿ ನಷ್ಟವೂ ಹೆಚ್ಚು. ಆದ್ದರಿಂದ ದೀಪ ಉರಿಯುವುದು ಜೋಡಣೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸೆಲ್ಫ್ ತಿರುಗದಿರುವುದು ಬ್ಯಾಟರಿ ಸತ್ತಿದೆ ಎಂಬುದಕ್ಕೂ ಸಾಕ್ಷಿಯಲ್ಲ. ಹೊಸ ಬ್ಯಾಟರಿ ತಂದು ಅದೇ ಹುಡಿಹಿಡಿದ ಕ್ಲಾಂಪಿಗೆ ಜೋಡಿಸಿದರೆ ಎರಡು ದಿನ ಓಡಿ ಮತ್ತೆ ಟಕ್ ಎನ್ನುವುದು ಹೀಗೆ.

ಕಳೆದುಹೋದ ಒಂದೂವರೆ ವೋಲ್ಟು ಎಲ್ಲಿಗೆ ಹೋಯಿತು? ಶಾಖವಾಯಿತು. ೧೫೦ ಆಂಪಿಯರನ್ನು ಒಂದೂವರೆ ವೋಲ್ಟಿನಿಂದ ಗುಣಿಸಿದರೆ ೨೨೫ ವ್ಯಾಟು. ಬೆರಳಷ್ಟು ಜಾಗದಲ್ಲಿ ಇಷ್ಟು ಶಾಖ ಹುಟ್ಟಿದರೆ ಅದು ಕೈಗೆ ತಿಳಿಯದೆ ಇದ್ದೀತೆ? ಐದಾರು ಸೆಕೆಂಡು ಸೆಲ್ಫ್ ಹೊಡೆದು ಚಾವಿ ತೆಗೆದ ಮೇಲೆ, ಎರಡು ಟರ್ಮಿನಲ್ಲುಗಳನ್ನೂ ಎಂಜಿನ್ನಿಗೆ ಅರ್ಥಿನ ಪಟ್ಟಿ ಕೂಡುವ ಬೋಲ್ಟನ್ನೂ ಒಂದೊಂದಾಗಿ ಜೋಪಾನವಾಗಿ ಬೆರಳಿನಿಂದ ಸೋಕಿ ನೋಡಿ. ಬಿಸಿಯಾದ ಜೋಡಣೆಯೇ ಕೆಟ್ಟ ಜೋಡಣೆ. ಕಾಸಿನ ಖರ್ಚಿಲ್ಲದ ಪರೀಕ್ಷೆ ಇದು, ನನಗಂತೂ ಬಹಳ ಮೆಚ್ಚಿನದು.

ಅರ್ಥಿನ ಪಟ್ಟಿಯನ್ನು ಬಹಳ ಮಂದಿ ಮರೆಯುತ್ತಾರೆ. ಕೆಂಪು ಕೇಬಲ್ಲಿನಲ್ಲಿ ಹೋದ ಕರೆಂಟು ಬ್ಯಾಟರಿಗೆ ಮರಳಿ ಬರಲೇಬೇಕಷ್ಟೆ. ಅದು ಬರುವ ದಾರಿ ಎಂಜಿನ್ನಿನ ಮೈ, ಅಲ್ಲಿಂದ ಹೆಣೆದ ತಾಮ್ರದ ಪಟ್ಟಿ, ಅಲ್ಲಿಂದ ಕಪ್ಪು ಕೇಬಲ್ಲು. ಎರೆಹೊಲದಲ್ಲಿ ಕುಲುಕಾಡಿದ ಟ್ರ್ಯಾಕ್ಟರಿನಲ್ಲಿ ಈ ಪಟ್ಟಿಯ ಬೋಲ್ಟು ಸಡಿಲವಾಗುತ್ತದೆ, ಸಂದಿನಲ್ಲಿ ಮಣ್ಣು ಸೇರುತ್ತದೆ, ಔಷಧದ ನೀರು ಬಿದ್ದು ಕಿಲುಬು ಹಿಡಿಯುತ್ತದೆ. ತೋಟದಲ್ಲಿ ದುಡಿಯುವ ಟ್ರ್ಯಾಕ್ಟರಿನಲ್ಲಿ ನಾನಾದರೆ ಬ್ಯಾಟರಿಗಿಂತ ಮುಂಚೆ ಈ ಪಟ್ಟಿಯನ್ನೇ ನೋಡುತ್ತೇನೆ.

ಟರ್ಮಿನಲ್ಲನ್ನು ಸ್ವಚ್ಛ ಮಾಡುವುದು ಮನೆಯ ಕೆಲಸವೇ. ಚಾವಿ ತೆಗೆದಿಟ್ಟು, ಮೊದಲು ಕಪ್ಪು ಟರ್ಮಿನಲ್ಲನ್ನು ಬಿಚ್ಚಬೇಕು, ಆಮೇಲೆ ಕೆಂಪನ್ನು. ಕೂಡಿಸುವಾಗ ಮೊದಲು ಕೆಂಪು, ಕೊನೆಗೆ ಕಪ್ಪು. ಈ ಕ್ರಮ ಶಾಸ್ತ್ರಕ್ಕಾಗಿ ಹೇಳಿದ್ದಲ್ಲ. ಕಪ್ಪು ಕೂಡಿಕೊಂಡಿರುವಾಗ ಕೆಂಪನ್ನು ಬಿಚ್ಚುವ ಪಾನಾ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರಿ ಪಾನಾ ಕೆಂಡವಾದೀತು. ಕೈಯಲ್ಲಿ ಉಂಗುರ, ಲೋಹದ ಪಟ್ಟಿಯ ಗಡಿಯಾರ ಇದ್ದರೆ ತೆಗೆದಿಡಿ. ಬಿಸಿನೀರಿನಲ್ಲಿ ಒಂದು ಚಮಚ ಅಡುಗೆ ಸೋಡಾ ಕದಡಿ ಹುಡಿಯ ಮೇಲೆ ಹಾಕಿದರೆ ಬುಸುಗುಟ್ಟಿ ಕರಗುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳದೊಳಕ್ಕೆ ಮಾತ್ರ ಇಳಿಯಕೂಡದು. ಒರಸಿ, ಸೀಸದ ಮುಖ ಹೊಳೆಯುವಂತೆ ಉಜ್ಜುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿ. ವ್ಯಾಸಲೀನ್ ಸವರುವುದು ಕೂಡಿಸಿದ ಮೇಲೆ, ಮೊದಲಲ್ಲ.

ಇನ್ನು ಬ್ಯಾಟರಿಯ ವಿಚಾರ. ಸೀಸದ ಫಲಕಗಳನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಕೂಡಿಡುವ ಈ ಉಪಾಯವನ್ನು ೧೮೫೯ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ನೂರಕ್ಕೂ ಹೆಚ್ಚು ವರ್ಷ ಕಳೆದರೂ ನಮ್ಮ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಅದೇ ಬಗೆಯದು. ೧೨ ವೋಲ್ಟಿನ ಬ್ಯಾಟರಿ ಎನ್ನುವುದು ಒಂದು ರೂಢಿಯ ಮಾತು. ಒಳಗೆ ಆರು ಮನೆಗಳಿವೆ, ಒಂದೊಂದರಲ್ಲಿ ೨.೧ ವೋಲ್ಟು, ಒಟ್ಟು ೧೨.೬. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಕ್ಕುವ ಮಲ್ಟಿಮೀಟರ್ ಒಂದನ್ನು ಮನೆಯಲ್ಲಿ ಇಟ್ಟುಕೊಂಡವರು ರಾತ್ರಿಯೆಲ್ಲ ಸುಮ್ಮನೆ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಲಿ. ೧೨.೬ ಬಂದರೆ ಹೊಟ್ಟೆ ತುಂಬಿದೆ. ೧೨.೨ ಬಂದರೆ ಅರ್ಧ ಖಾಲಿ. ೧೨ಕ್ಕಿಂತ ಕೆಳಗಿಳಿದರೆ ತಳ ಕಂಡಿದೆ. ಎಷ್ಟು ಚಾರ್ಜು ಮಾಡಿದರೂ ಹತ್ತೂವರೆಯ ಆಸುಪಾಸಿನಲ್ಲೇ ನಿಂತರೆ ಆರರಲ್ಲಿ ಒಂದು ಮನೆ ಬಿದ್ದುಹೋಗಿದೆ, ಅಂಥದ್ದಕ್ಕೆ ಉಪಚಾರವಿಲ್ಲ. ಗಾಡಿ ಓಡಿಸಿ ಬಂದೊಡನೆ ಅಳೆದರೆ ಮಾತ್ರ ಮೀಟರು ಸುಳ್ಳು ಸಮಾಧಾನ ಹೇಳುತ್ತದೆ, ನಾಲ್ಕು ತಾಸಾದರೂ ತಡೆಯಬೇಕು.

ಸುಮ್ಮನಿರುವ ಬ್ಯಾಟರಿಯ ಅಳತೆಯಷ್ಟೇ ಸಾಲದು. ಕೂತಲ್ಲಿ ಗಟ್ಟಿಮುಟ್ಟಾಗಿ ಕಾಣುವವನು ಮೂಟೆ ಹೊರಿಸಿದಾಗ ಕುಸಿಯುವುದುಂಟಷ್ಟೆ. ಸೆಲ್ಫ್ ತಿರುಗುತ್ತಿರುವಾಗಲೇ ಮೀಟರನ್ನು ನೋಡಬೇಕು. ಒಳ್ಳೆಯ ಬ್ಯಾಟರಿ ಆಗಲೂ ೧೦ರ ಆಸುಪಾಸಿನಲ್ಲಿ ನಿಲ್ಲುತ್ತದೆ. ೯.೬ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿಯನ್ನು ಶಂಕಿಸಬಹುದು. ಮೀಟರಿನ ಕಡ್ಡಿಗಳನ್ನು ಕ್ಲಾಂಪಿಗೆ ಹಿಡಿಯದೆ ಅದರೊಳಗಿನ ಸೀಸದ ಮೊಳಕೆಗೇ ಹಿಡಿಯಬೇಕೆಂಬುದನ್ನು ಮರೆಯಬೇಡಿ. ಇದೇ ಮೀಟರಿನಿಂದ ಕಳ್ಳ ಜೋಡಣೆಯನ್ನೂ ಹಿಡಿಯಬಹುದು. ಒಂದು ಕಡ್ಡಿ ಬ್ಯಾಟರಿಯ ಕೆಂಪು ಮೊಳಕೆಗೆ, ಇನ್ನೊಂದು ಸೆಲ್ಫಿನ ದಪ್ಪ ಕೇಬಲ್ಲಿನ ತುದಿಗೆ ಹಿಡಿದು ಸೆಲ್ಫ್ ಹೊಡೆಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಅಡ್ಡಿಯಿದೆ. ಕಪ್ಪು ಮೊಳಕೆಗೂ ಎಂಜಿನ್ನಿನ ಮೈಗೂ ನಡುವೆ ಹಾಗೆಯೇ ಅಳೆದರೆ ಅರ್ಥಿನ ಗುಟ್ಟು ಬಯಲಾಗುತ್ತದೆ. ಈ ಅಳತೆ ಮಾಡುವಾಗ ಗೇರು ನ್ಯೂಟ್ರಲ್ಲಿನಲ್ಲಿರಲಿ, ಬ್ರೇಕು ಹಾಕಿರಲಿ, ಫ್ಯಾನಿನ ಬಳಿ ಸೆರಗು, ಧೋತರದ ಚುಂಗು ಹೋಗದಿರಲಿ.

ಚಳಿದೇಶದವರು ಬರೆದ ಪುಸ್ತಕಗಳಲ್ಲಿ ಬ್ಯಾಟರಿಗೆ ಹಿಮವೇ ಶತ್ರುವೆಂದು ಓದುತ್ತೇವೆ. ನಮ್ಮಲ್ಲಿ ಅದು ತಲೆಕೆಳಗು. ಏಪ್ರಿಲ್-ಮೇ ತಿಂಗಳಲ್ಲಿ ೪೦ ಡಿಗ್ರಿ ದಾಟುವ ವಿಜಯಪುರದ ಬಿಸಿಲಿನಲ್ಲಿ, ಅದಕ್ಕೂ ಮಿಗಿಲಾದ ಎಂಜಿನ್ನಿನ ಬಿಸಿಯ ಪಕ್ಕದಲ್ಲಿ, ಬ್ಯಾಟರಿಯ ನೀರು ಆರುತ್ತದೆ, ಫಲಕಗಳು ಬೇಗ ಸವೆಯುತ್ತವೆ. ಬೇಸಗೆಯಲ್ಲಿ ತಿಂದ ಪೆಟ್ಟು ಡಿಸೆಂಬರಿನ ಮೊದಲ ಚಳಿಯ ಮುಂಜಾನೆ ಹೊರಬೀಳುತ್ತದೆ. ಆಗ ಜನ ಚಳಿಯನ್ನು ಬೈಯುತ್ತಾರೆ. ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾಗಿದ್ದರೆ ಬೇಸಗೆಯಲ್ಲಿ ತಿಂಗಳಿಗೊಮ್ಮೆ ನೀರು ನೋಡಬೇಕು. ಫಲಕ ಮುಳುಗುವಷ್ಟು ಭಟ್ಟಿಯಿಳಿಸಿದ ಬ್ಯಾಟರಿ ನೀರನ್ನೇ ಹಾಕಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ, ಬ್ಯಾಟರಿ ಬಾಳೀತೆ? ಆಸಿಡ್ಡನ್ನು ಮಾತ್ರ ಮೇಲಿಂದ ಸುರಿಯಕೂಡದು. ಆರಿಹೋಗುವುದು ನೀರು, ಆಸಿಡ್ಡಲ್ಲ.

ಬ್ಯಾಟರಿ ಒಳ್ಳೆಯದೇ ಇದ್ದು ರಾತ್ರಿ ಬೆಳಗಾಗುವುದರೊಳಗೆ ಬರಿದಾಗುವುದೂ ಉಂಟು. ಒಳದೀಪವೊಂದು ಉರಿಯುತ್ತ ಉಳಿದರೆ ಹನ್ನೆರಡು ತಾಸಿಗೆ ಸುಮಾರು ೫ ಆಂಪಿಯರ್-ತಾಸು ಖರ್ಚು. ೩೫ರ ಬ್ಯಾಟರಿ ಇದನ್ನು ತಾಳಿಕೊಂಡೀತು. ದೊಡ್ಡ ದೀಪಗಳು ಎರಡೂ ಉರಿದರೆ ಮೂರು ತಾಸಿನಲ್ಲಿ ಬಹುತೇಕ ಮುಗಿಯಿತು. ಇದಕ್ಕಿಂತ ಮೋಸದ್ದು ಕಣ್ಣಿಗೆ ಕಾಣದ ಸೋರಿಕೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುವ ಮಗ ತನ್ನ ಕಾರನ್ನು ಇಲ್ಲಿ ಮನೆಯ ಮುಂದೆ ಬಿಟ್ಟು ಹೋಗಿರುತ್ತಾನೆ. ಕಾರು ನಿಂತಿದ್ದರೂ ಅದರ ಗಡಿಯಾರ, ಕಳ್ಳಗಂಟೆ, ಒಳಗಿನ ಗಣಕ ಇವು ಮಲಗುವುದಿಲ್ಲ. ಎಲ್ಲ ಸೇರಿ ೫೦ ಮಿಲಿ ಆಂಪಿಯರು ಹೀರಿದರೂ ದಿನಕ್ಕೆ ೧.೨, ತಿಂಗಳಿಗೆ ೩೬ ಆಂಪಿಯರ್-ತಾಸು. ಮಗ ಹಬ್ಬಕ್ಕೆ ಬರುವ ಹೊತ್ತಿಗೆ ಬ್ಯಾಟರಿ ತಣ್ಣಗೆ. ದಿನಾಲು ಐದು ನಿಮಿಷ ಎಂಜಿನ್ನು ಚಾಲೂ ಮಾಡಿ ನಿಲ್ಲಿಸಿದರೆ ಸಾಕೆಂದು ತಂದೆಯವರು ಶ್ರದ್ಧೆಯಿಂದ ಮಾಡುತ್ತಾರೆ. ಅಷ್ಟು ಹೊತ್ತಿನಲ್ಲಿ ಬ್ಯಾಟರಿ ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ತಾಸಿಗೆ ಮೇಲೆ ರಸ್ತೆಯ ಮೇಲೆ ಓಡಿಸಿ ತರುವುದು ಮೇಲು. ಅದಾಗದಿದ್ದರೆ ಕಪ್ಪು ಟರ್ಮಿನಲ್ಲನ್ನು ಬಿಚ್ಚಿಡಬಹುದು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಗೆ ಇನ್ನೊಂದು ಕಾಟ, ಇಲಿ. ತಂತಿಯ ಸಿಪ್ಪೆ ಕಡಿದು ಎರಡು ತಾಮ್ರ ಮುಟ್ಟಿಕೊಂಡರೆ ಫ್ಯೂಜು ಹೋಗುತ್ತದೆ. ಕಡಿದ ತಂತಿ ಕಂಡಮೇಲೆ ಫ್ಯೂಜಿನ ಜಾಗದಲ್ಲಿ ತಾಮ್ರದ ಎಳೆ ಸಿಕ್ಕಿಸುವ ಜಾಣತನವನ್ನು ದಯವಿಟ್ಟು ಮಾಡಬೇಡಿ. ಫ್ಯೂಜು ಸುಡಲೆಂದೇ ಇಟ್ಟದ್ದು. ಅದು ಸುಡದಿದ್ದರೆ ಗಾಡಿ ಸುಡುತ್ತದೆ.

ಹೊರಟ ಗಾಡಿ ಬ್ಯಾಟರಿಗೆ ಕೊಟ್ಟದ್ದನ್ನು ಮರಳಿಸುತ್ತಿದೆಯೇ ಎಂದೂ ನೋಡಬೇಕಲ್ಲ. ಎಂಜಿನ್ನು ಓಡುವಾಗ ಮೀಟರಿನಲ್ಲಿ ೧೩.೮ರಿಂದ ೧೪.೫ರ ವರೆಗೆ ಇರಬೇಕು. ಅದು ೧೨ರ ಸುತ್ತಲೇ ಇದ್ದು ಇಳಿಯುತ್ತ ಬಂದರೆ ಆಲ್ಟರ್ನೇಟರ್, ಅಂದರೆ ನಮ್ಮವರು ಇನ್ನೂ ಡೈನಮೋ ಎನ್ನುತ್ತಾರಲ್ಲ ಅದು, ದುಡಿಯುತ್ತಿಲ್ಲ. ಬೆಲ್ಟು ಸಡಿಲವಾಗಿದ್ದರೂ ಹೀಗಾಗುತ್ತದೆ. ೧೫ ದಾಟಿದರೆ ಬ್ಯಾಟರಿಯನ್ನು ಕುದಿಸುತ್ತಿದೆ. ಚಾವಿ ತಿರುಗಿಸಿದಾಗ ಹತ್ತಿ, ಎಂಜಿನ್ನು ಹೊರಟೊಡನೆ ಆರಬೇಕಾದ ಬ್ಯಾಟರಿ ಗುರುತಿನ ಕೆಂಪು ದೀಪ ಇದನ್ನೇ ಹೇಳುವುದು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ವಯರು ಕಿತ್ತು ಡೈನಮೋ ಪರೀಕ್ಷಿಸುವುದು ಹಳೆಯ ಗಾಡಿಗಳ ಕಾಲದ ರೂಢಿ. ಇಂದಿನ ಗಾಡಿಯಲ್ಲಿ ಹಾಗೆ ಮಾಡಿದರೆ ಬೆಲೆಬಾಳುವ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟಾವು.

ಸೆಲ್ಫ್ ಸದ್ದೇ ಮಾಡದಿದ್ದಾಗ ಮತ್ತು ಸೆಲ್ಫ್ ತಿರುಗಿಯೂ ಎಂಜಿನ್ನು ಹೊತ್ತದಿದ್ದಾಗ ಬಹಳ ಸಲ ಕಾರಣ ನಗೆ ತರಿಸುವಷ್ಟು ಚಿಕ್ಕದು. ಮೋಟಾರು ಸೈಕಲ್ಲಿನ ಬಲಗೈ ಹಿಡಿಯ ಬಳಿ ಎಂಜಿನ್ನು ನಿಲ್ಲಿಸುವ ಕೆಂಪು ಸ್ವಿಚ್ಚಿದೆ. ಜಾತ್ರೆಯಲ್ಲಿ ಗಾಡಿ ನಿಲ್ಲಿಸಿದಾಗ ಯಾವ ಮಗುವೋ ಅದನ್ನು ಒತ್ತಿರುತ್ತದೆ. ಸವಾರ ಅರ್ಧ ತಾಸು ಕಿಕ್ಕು ಹೊಡೆದು ಬಳಲುತ್ತಾನೆ. ಈಚಿನ ಹಲವು ಗಾಡಿಗಳಲ್ಲಿ ಪಕ್ಕದ ಸ್ಟ್ಯಾಂಡು ಇಳಿದಿದ್ದರೆ, ಇಲ್ಲವೆ ಗೇರಿನಲ್ಲಿದ್ದು ಕ್ಲಚ್ಚು ಹಿಡಿಯದಿದ್ದರೆ ಹೊರಡದಂತೆ ಸ್ವಿಚ್ಚಿಟ್ಟಿರುತ್ತಾರೆ. ಟ್ರ್ಯಾಕ್ಟರಿನಲ್ಲೂ ಕ್ಲಚ್ಚು ತುಳಿಯದಿದ್ದರೆ ಅಥವಾ ಗೇರು ನ್ಯೂಟ್ರಲ್ಲಿನಲ್ಲಿಲ್ಲದಿದ್ದರೆ ಸೆಲ್ಫಿಗೆ ಅಪ್ಪಣೆ ಹೋಗದು. ಗೇರು ತಾನಾಗಿ ಬದಲಾಗುವ ಕಾರಿನಲ್ಲಿ ಕಡ್ಡಿ ಪಾರ್ಕಿನಲ್ಲೋ ನ್ಯೂಟ್ರಲ್ಲಿನಲ್ಲೋ ಇರಬೇಕು. ಚಾವಿಯ ಗುರುತಿನ ದೀಪ ಮಿನುಗುತ್ತಲೇ ಇದ್ದರೆ ಕಾರು ತನ್ನ ಚಾವಿಯನ್ನು ಗುರುತಿಸಿಲ್ಲ. ಎರಡನೆಯ ಚಾವಿಯಿಂದ ಯತ್ನಿಸಿ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಆದರೆ ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ಕವಾಟ ಹಲವು ಎಂಜಿನ್ನುಗಳಲ್ಲಿದೆ. ಅದರ ಸಣ್ಣ ವಯರು ಕಳಚಿದ್ದರೆ ಎಷ್ಟು ತಿರುಗಿಸಿದರೂ ಹೊತ್ತದು. ಒಂದು ಮಾತು: ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಇಲ್ಲವಾದರೆ ಒಂದು ರೋಗ ಎರಡಾಗುತ್ತದೆ.

ನೂಕಿ ಚಾಲೂ ಮಾಡುವ ಧಕ್ಕಾ ಪದ್ಧತಿ ಹಳೆಯ ಗಾಡಿಗಳಿಗೆ ಹೊಂದುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲಿನ ಪಂಪಿಗೂ ಗಣಕಕ್ಕೂ ವಿದ್ಯುತ್ತು ಬೇಕಾದ್ದರಿಂದ, ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಡೀ ಓಣಿ ಕೂಡಿ ನೂಕಿದರೂ ಪ್ರಯೋಜನವಿಲ್ಲ. ತಾನಾಗಿ ಗೇರು ಬದಲಿಸುವ ಕಾರನ್ನಂತೂ ಹೀಗೆ ನೂಕಿ ಹೊರಡಿಸಲಾಗದು. ಆಗ ನೆರೆಯವರ ಬ್ಯಾಟರಿಯಿಂದ ಕಡ ತರುವುದೇ ದಾರಿ. ಅದೇ ೧೨ ವೋಲ್ಟಿನ ಗಾಡಿಯಾಗಿರಬೇಕು. ದೊಡ್ಡ ಲಾರಿ, ಬಸ್ಸುಗಳದು ೨೪ ವೋಲ್ಟು; ಅದರಿಂದ ಕಾರಿಗೆ ಕೊಟ್ಟರೆ ಅನಾಹುತ. ಕೆಂಪು ಕೇಬಲ್ಲಿನ ಒಂದು ತುದಿಯನ್ನು ಸತ್ತ ಬ್ಯಾಟರಿಯ ಕೆಂಪಿಗೆ, ಇನ್ನೊಂದನ್ನು ಜೀವವಿರುವ ಬ್ಯಾಟರಿಯ ಕೆಂಪಿಗೆ ಹಾಕಬೇಕು. ಆಮೇಲೆ ಕಪ್ಪು ಕೇಬಲ್ಲನ್ನು ಜೀವವಿರುವುದರ ಕಪ್ಪಿಗೆ ಹಾಕಿ, ಅದರ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ, ಆ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಬೇಕು. ಏಕೆಂದರೆ ಬ್ಯಾಟರಿ ಜಲಜನಕವನ್ನು ಉಸಿರಾಡುತ್ತಿರುತ್ತದೆ, ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ. ಇವೆರಡೂ ಭೇಟಿಯಾದರೆ ಬ್ಯಾಟರಿ ಸಿಡಿದು ಆಸಿಡ್ಡು ಮುಖಕ್ಕೆ ಎರಚುತ್ತದೆ. ಬ್ಯಾಟರಿಯ ನೀರು ನೋಡಲು ಬೆಂಕಿಕಡ್ಡಿ ಗೀರುವುದು, ಬೀಡಿ ಸೇದುತ್ತ ಅದರ ಮೇಲೆ ಬಾಗುವುದು, ಎರಡು ಮೊಳಕೆಗಳಿಗೆ ಪಾನಾ ಮುಟ್ಟಿಸಿ ಕಿಡಿ ನೋಡುವುದು, ಇವುಗಳಿಂದ ಕಣ್ಣು ಹೋದೀತು. ಆಸಿಡ್ಡು ಕಣ್ಣಿಗೆ ಸಿಡಿದರೆ ತಡಮಾಡದೆ ಹದಿನೈದು-ಇಪ್ಪತ್ತು ನಿಮಿಷ ಧಾರಾಳ ನೀರಿನಿಂದ ತೊಳೆಯುತ್ತಲೇ ಇದ್ದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಗಾಡಿ ಹೊರಟ ಮೇಲೆ ಕೇಬಲ್ಲುಗಳನ್ನು ಹಾಕಿದ್ದಕ್ಕೆ ತಿರುಗುಮುರುಗಾಗಿ, ಕೊನೆಯದನ್ನು ಮೊದಲು ತೆಗೆಯಿರಿ.

ಇಷ್ಟೆಲ್ಲ ನೋಡಿದ ಮೇಲೂ ಗಾಡಿ ಕದಲದಿದ್ದರೆ ಮೆಕ್ಯಾನಿಕನನ್ನು ಕರೆಯಲೇಬೇಕು. ಸೆಲ್ಫನ್ನು ಬಿಚ್ಚುವುದು, ಡೈನಮೋ ಬಿಚ್ಚುವುದು ಮನೆಯ ಕೆಲಸವಲ್ಲ. ಆದರೆ ಫೋನಿನಲ್ಲಿ "ಗಾಡಿ ಚಾಲೂ ಆಗವಲ್ದು" ಎಂದಷ್ಟೇ ಹೇಳಬೇಡಿ. ಸೆಲ್ಫ್ ತಿರುಗುತ್ತದೋ ಇಲ್ಲವೋ, ಸದ್ದು ಎಂಥದ್ದು, ದೀಪ ಏನಾಯಿತು, ಟರ್ಮಿನಲ್ಲು ಸ್ವಚ್ಛ ಮಾಡಿದ್ದಾಯಿತೋ ಎಂಬ ನಾಲ್ಕು ಮಾತು ಹೇಳಿ. ತಿಕೋಟಾದ ತೋಟಕ್ಕೋ ಬಬಲೇಶ್ವರದ ಹೊಲಕ್ಕೋ ಬರುವವನು ಬೇಕಾದ ಸಾಮಾನನ್ನು ಜೊತೆಗೇ ತರುತ್ತಾನೆ, ಎರಡು ಸುತ್ತು ಓಡಾಟ ತಪ್ಪುತ್ತದೆ. ಹೊಸ ಬ್ಯಾಟರಿ ಹಾಕಬೇಕೆಂದು ಅವನು ಹೇಳಿದರೆ, ಹಳೆಯದು ಸೆಲ್ಫ್ ಹೊಡೆಯುವಾಗ ಮೀಟರಿನಲ್ಲಿ ಎಷ್ಟು ತೋರಿಸುತ್ತದೆಂದು ನಿಮ್ಮ ಕಣ್ಣೆದುರೇ ಅಳೆದು ತೋರಿಸಲು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಮೆಕ್ಯಾನಿಕನು ಇದಕ್ಕೆ ಬೇಸರಿಸುವುದಿಲ್ಲ. ಹಳೆಯ ಬ್ಯಾಟರಿಯನ್ನು ಅಟ್ಟದ ಮೇಲೋ ದನದ ಕೊಟ್ಟಿಗೆಯಲ್ಲೋ ಒಗೆಯಬೇಡಿ. ಅದರೊಳಗಿನ ಸೀಸ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಹೊಸದನ್ನು ಕೊಟ್ಟ ಅಂಗಡಿಗೇ ಅದನ್ನು ಮರಳಿಸಿ. ಸೀಸಕ್ಕೆ ಬೆಲೆಯಿರುವುದರಿಂದ ಬಿಲ್ಲಿನಲ್ಲಿ ಅದರ ಹಣವನ್ನು ಮುರಿದುಕೊಳ್ಳುವ ವಾಡಿಕೆಯಿದೆ, ಕೇಳಿ ಮುರಿಸಿಕೊಳ್ಳಿ.